ಏಪ್ರಿಲ್ ತಿಂಗಳ ಹಿಮಯುಗ

ಮಂದಿಗೆ ಗೊತ್ತೇ ಇಲ್ಲದ ಚಳಿಯನ್ನು ತೋರಿಸಿ ಅವರ ಕಣ್ಣಲ್ಲಿ ನೀರು ತರಿಸಲು ಹೊರಟವರಿಗೆ ಇಂಥ ಫಜೀತಿಗಳು ಆಗುತ್ತಲೇ ಇರುತ್ತವೆ. ನಮಗೆ ಒಂದೇ ಬೇಸಿಗೆಯಲ್ಲಿ ಊರಿಗೊಂದರಂತೆ ಆದವು.

ಇಳಕಲ್ಲಿನ ನಮ್ಮ ಹವ್ಯಾಸಿ ತಂಡಕ್ಕೆ ನಾಟಕ ಬರೆದುಕೊಡುವುದು ನನ್ನ ಕೆಲಸ. ವೇದಿಕೆ ಹತ್ತುವುದಿಲ್ಲ, ಭಾಷಣ ಮಾಡುವುದಿಲ್ಲ. ಆ ವರ್ಷ ಬರೆದದ್ದು ವಿಜ್ಞಾನದ ಕತೆ. ಸೂರ್ಯ ಮಂಕಾಗಿದ್ದಾನೆ, ಭೂಮಿ ಹೆಪ್ಪುಗಟ್ಟಿದೆ, ಕೊನೆಗೆ ಒಬ್ಬ ಹೆಂಗಸು ಮಾತ್ರ ಉಳಿದಿದ್ದಾಳೆ. ಇಂಥ ಕತೆಗಳನ್ನು ನಾನು ಬಹಳ ಓದಿದ್ದೆ. ಅವುಗಳಲ್ಲಿ ಯಂತ್ರಗಳಿಗಿಂತ ಹಿಮವೇ ಹೆಚ್ಚು ದುಡಿಯುತ್ತದೆ. ಸುತ್ತ ಬಿಳುಪು, ಮೌನ, ಕಣ್ಣು ಹಾಯುವವರೆಗೆ ಯಾರೂ ಇಲ್ಲ. ಪಾತ್ರ ಬಾಯಿ ತೆರೆಯುವ ಮೊದಲೇ ಓದುವವನ ಎದೆ ಭಾರವಾಗಿರುತ್ತದೆ.

ನಿರ್ದೇಶಕರು ಹುನಗುಂದದ ಹೈಸ್ಕೂಲಿನ ವಿಜ್ಞಾನದ ಮಾಸ್ತರರು. ಇಂಥದೊಂದು ನಾಟಕಕ್ಕಾಗಿ ಎರಡು ವರ್ಷ ಕಾದಿದ್ದರು. ತಂಡದ ಅಧ್ಯಕ್ಷರಾದ ಸೀರೆ ಅಂಗಡಿಯ ಸಾವಕಾರರಿಗೆ ಮಾತ್ರ ನಗೆನಾಟಕವೇ ಇಷ್ಟ. ಗುಡೂರು, ಕೆರೂರು, ಕೊನೆಗೆ ಬಾದಾಮಿ ಎಂದು ಮೂರು ಊರುಗಳಲ್ಲಿ ಆಟ ಗೊತ್ತಾಗಿತ್ತು. ಸಾವಕಾರರು ಮೊದಲೇ ಹೇಳಿಬಿಟ್ಟರು: "ಬಾದಾಮಿ ತನಕ ನೋಡ್ತೇನ್ರಿ ಮಾಸ್ತರ. ಒಂದು ಊರಾಗಾದ್ರೂ ಮಂದಿ ಕಡೀತನಕ ಮನಸಿಟ್ಟು ನೋಡಬೇಕು. ಇಲ್ಲಂದ್ರ ಮುಂದಿನ ವರ್ಷ ನಗಿ ನಾಟಕ, ಬ್ಯಾರೆ ನಿರ್ದೇಶಕ."

ಶಾಲೆಗಳಿಗೆ ರಜೆ ಇರುವುದು ಏಪ್ರಿಲ್‌ನಲ್ಲಿ. ಹೀಗಾಗಿ ನಮ್ಮ ಹಿಮಯುಗವೂ ಏಪ್ರಿಲ್‌ನಲ್ಲೇ ಬಂತು.

ತಾಲೀಮು

ನಡುಗಿ ತೋರಿಸಿ ಎಂದರೆ ನಮ್ಮ ನಟರು ಮಲೇರಿಯಾ ಬಂದವರಂತೆ ನಡುಗುತ್ತಿದ್ದರು. ಒಬ್ಬನಿಗಂತೂ ಮೈಮೇಲೆ ದೇವರು ಬಂದಂತೆ ಕಾಣುತ್ತಿತ್ತು. ಮಾಸ್ತರರಿಗೆ ಬೇಕಾದದ್ದು ಅದಲ್ಲ, ಚಳಿ ಒಳಗೆ ಇಳಿದು ಮನುಷ್ಯನ ಆಸೆಯೇ ಆರಿಹೋಗುವ ಬಗೆ. ಬಾಗಲಕೋಟೆಯಲ್ಲಿ ಅವರ ಪರಿಚಯದವರದೊಂದು ಕೋಲ್ಡ್ ಸ್ಟೋರೇಜ್ ಇತ್ತು, ಒಣದ್ರಾಕ್ಷಿ ಇಡುವಂಥದ್ದು. ಎಲ್ಲರನ್ನೂ ಅಲ್ಲಿಗೆ ಕರೆದುಕೊಂಡು ಹೋದರು. ಹೊರಗೆ ಡಾಂಬರು ಕರಗುತ್ತಿತ್ತು. ಒಳಗೆ ಕೂತು ಜಗತ್ತಿನಲ್ಲಿ ನಿಮ್ಮವರು ಯಾರೂ ಉಳಿದಿಲ್ಲ ಎಂದು ಯೋಚಿಸಿ ಎಂದು ಹೇಳಿ ಬಾಗಿಲು ಹಾಕಿದರು.

ಸ್ವಲ್ಪ ಹೊತ್ತಿನ ಮೇಲೆ ತೆಗೆದು ನೋಡಿದರೆ ಎಲ್ಲರ ಮುಖದಲ್ಲೂ ಮದುವೆ ಊಟ ಮುಗಿಸಿದ ಕಳೆ. ವಿಜ್ಞಾನಿಯ ಪಾತ್ರ ಮಾಡುತ್ತಿದ್ದ ಲೈನ್‌ಮನ್ ದ್ರಾಕ್ಷಿ ಪೆಟ್ಟಿಗೆಗೆ ಒರಗಿ ನಿದ್ದೆ ಹೋಗಿದ್ದ. ಹೊರಗೆ ಬರ್ರಪ್ಪಾ ಎಂದು ಮಾಸ್ತರರು ಬೇಡಿಕೊಂಡರೂ ಯಾರೂ ಏಳಲಿಲ್ಲ. ಲೈನ್‌ಮನ್ ಕಣ್ಣು ತೆರೆದು ಕೇಳಿದ:

"ಇಷ್ಟು ಸುಖದ ಜಾಗಾದಾಗ ಮಂದಿ ಯಾಕ ಸಾಯ್ತಾರ್ರಿ ಸರ?"

ಹಿಮ

ಮೊದಲ ಪ್ರದರ್ಶನ ಗುಡೂರಿನ ಶಾಲೆಯ ಬಯಲಿನಲ್ಲಿ. ಹಿಮಕ್ಕೆ ಹತ್ತಿಯನ್ನು ಬಿಡಿಸಿ, ಮೇಲಿನಿಂದ ಫ್ಯಾನಿನ ಗಾಳಿಗೆ ಉದುರಿಸುವ ಏರ್ಪಾಡು. ನಾಯಕಿಯ ಪಾತ್ರ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರದು. ಅಕ್ಕೋರು ಸತ್ತ ಗಂಡನನ್ನು ನೆನೆದು ಬಿಕ್ಕುವಾಗ ಹತ್ತಿ ಇಳಿಯತೊಡಗಿತು. ನೋಡಲು ನಿಜಕ್ಕೂ ಚೆನ್ನಾಗಿತ್ತು. ವೇದಿಕೆ ಬೆಳ್ಳಗಾಗುತ್ತ ಹೋಯಿತು.

ಅದು ಬೆಳ್ಳಗಾದಷ್ಟೂ ಮುಂದೆ ಕೂತ ರೈತರ ಮುಖ ಅರಳುತ್ತ ಹೋಯಿತು. ಹಾರಿ ಬಂದ ಒಂದು ಎಸಳನ್ನು ಒಬ್ಬ ಹಿರಿಯರು ಹಿಡಿದು, ಬೆರಳಲ್ಲಿ ಎಳೆದು ನೋಡಿ, ಪಕ್ಕದವರಿಗೆ ದಾಟಿಸಿದರು. ಅವರೂ ಎಳೆದು ನೋಡಿ ತಲೆಯಾಡಿಸಿದರು. ಕಪ್ಪು ಭೂಮಿಯ ಜನ. ಹತ್ತಿ ಬಿರಿದು ನೆಲ ಬೆಳ್ಳಗಾಗುವುದನ್ನು ನೋಡಲು ವರ್ಷವಿಡೀ ಕಾಯುವವರು. ನಾನು ಓದಿದ ಪುಸ್ತಕಗಳಲ್ಲಿ ಬಿಳುಪು ಅಂದರೆ ಸಾವು ಎಂದು ಬರೆದಿದ್ದವರು ಯಾರೂ ಗುಡೂರು ನೋಡಿರಲಿಲ್ಲ.

ಅಕ್ಕೋರ ಅಳು ಇನ್ನೂ ನಡೆದಿತ್ತು. ಆ ಹಿರಿಯರು ಹಿಂದಿನ ಸಾಲಿನಲ್ಲಿದ್ದ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು:

"ಇಷ್ಟು ಛಲೋ ಬೆಳಿ ಬಂದೈತಿ, ಆ ಹೆಣ್ಮಗಳು ಯಾಕ ಅಳಾಕತ್ತಾಳ್ರಿ?"

ಗಾಳಿ

ಹತ್ತಿ ಬಿಟ್ಟೆವು. ಹಿಮ ಕಾಣಿಸುವುದೇ ಬೇಡ, ಕೇಳಿಸಿದರೆ ಸಾಕು ಎಂದು ನಾನೇ ಸಲಹೆ ಕೊಟ್ಟೆ. ಲೈನ್‌ಮನ್ ಎಲ್ಲಿಂದಲೋ ಬಿರುಗಾಳಿಯ ಸದ್ದು ಹಿಡಿದು ತಂದ. ಕೆರೂರಿನಲ್ಲಿ ಆಟ ಇದ್ದದ್ದು ಕಲ್ಯಾಣ ಮಂಟಪದಲ್ಲಿ, ಹಗಲು ಹೊತ್ತಿನಲ್ಲಿ, ಕಿಟಕಿಗೆಲ್ಲ ಪರದೆ ಕಟ್ಟಿ. ಮುಕ್ಕಾಲು ಪಾಲು ಹೆಣ್ಣುಮಕ್ಕಳೇ ಬಂದಿದ್ದರು. ಕತ್ತಲಲ್ಲಿ ಗಾಳಿ ಮೊದಲು ನರಳಿತು, ಆಮೇಲೆ ಊಳಿಟ್ಟಿತು. ನನಗೇ ಮೈ ಜುಮ್ ಎಂದಿತು.

ಮುಂದಿನ ಸಾಲಿನಲ್ಲಿ ಒಬ್ಬಾಕೆ ದಡಕ್ಕನೆ ಎದ್ದಳು. ಆಕೆಯ ಹಿಂದೆ ಇನ್ನೊಬ್ಬಾಕೆ. ನೋಡನೋಡುತ್ತಿದ್ದಂತೆ ಸಾಲುಸಾಲೇ ಎದ್ದು ಬಾಗಿಲಿನತ್ತ ಓಡಿತು. ಮಾಸ್ತರರು ಪರದೆಯ ಮರೆಯಲ್ಲಿ ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು. ಹೆದರಿ ಓಡುತ್ತಿದ್ದಾರೆ, ನಾಟಕ ಮುಟ್ಟಿತು ಎಂದರು.

ಸಾವಕಾರರು ಬಾಗಿಲ ಬಳಿ ಒಬ್ಬ ಅಜ್ಜಿಯನ್ನು ತಡೆದು ಏನಾಯಿತೆಂದು ವಿಚಾರಿಸಿದರು. ಆಕೆ ನಿಲ್ಲಲಿಲ್ಲ.

"ದಾರಿ ಬಿಡೋ ಯಪ್ಪಾ. ಮಾಳಿಗಿ ಮ್ಯಾಲ ಸಂಡಿಗಿ ಹಾಕಿ ಬಂದೀನಿ."

ಬಾದಾಮಿ

ಉಳಿದದ್ದು ಬಾದಾಮಿ ಒಂದೇ. ಸಾವಕಾರರು ಮುಂದಿನ ಸಾಲಿನ ನಡುವೆ ಕೈಕಟ್ಟಿ ಕೂತರು. ಮಾಸ್ತರರು ಬೆಳಗಿನಿಂದ ಏನೂ ತಿಂದಿರಲಿಲ್ಲ. ಅರ್ಧ ಆಟ ತಣ್ಣಗೆ ನಡೆಯಿತು. ಕೊನೆಯ ದೃಶ್ಯ ಬರುವ ಹೊತ್ತಿಗೆ ಕರೆಂಟು ಹೋಯಿತು. ಗಾಳಿಯ ಸದ್ದು ನಿಂತಿತು, ಫ್ಯಾನುಗಳೂ ನಿಂತವು. ಒಂದು ಚಾರ್ಜರ್ ಲೈಟಿನ ಬೆಳಕಿನಲ್ಲಿ ಎರಡು ಸ್ವೆಟರ್ ಮೇಲೊಂದು ಕೋಟು ತೊಟ್ಟ ಅಕ್ಕೋರು ಒಬ್ಬರೇ ಕೂತಿದ್ದರು. ಹಿಮ ಇಲ್ಲ, ಗಾಳಿ ಇಲ್ಲ, ಏನೂ ಇಲ್ಲ. ಜನ ಉಸಿರು ಬಿಗಿಹಿಡಿದು ಕೂತದ್ದನ್ನು ಆ ಬೇಸಿಗೆಯಲ್ಲಿ ಮೊದಲ ಸಲ ಕಂಡೆ.

ನಾಯಕಿ ರೇಡಿಯೋ ಹಿಡಿದು ಮೂರು ಸಲ ಕೂಗಬೇಕು. ಯಾರೂ ಉತ್ತರಿಸುವುದಿಲ್ಲ. ಆಮೇಲೆ ಆಕೆ ಸಾಯುತ್ತಾಳೆ, ಪರದೆ.

ಅಕ್ಕೋರು ಕೂಗಿದರು: "ಯಾರಾದರೂ ಇದ್ದೀರಾ?"

ಮೌನ. ಎರಡನೆಯ ಸಲ ಕೂಗಿದರು. ಮೌನ. ಮೂರನೆಯ ಸಲ ದನಿ ಒಡೆಯಿತು. ಕೂಗಿದವರಿಗೆ ಓ ಎನ್ನದೆ ಸುಮ್ಮನೆ ಕೂಡುವುದು ನಮ್ಮ ಕಡೆಯವರಿಗೆ ಎರಡು ಸಲಕ್ಕಿಂತ ಹೆಚ್ಚು ಆಗುವುದಿಲ್ಲ. ಹಿಂದಿನಿಂದ ಒಂದು ಮುದಿ ದನಿ ಬಂತು.

"ಅದೀವಿ ಬಿಡವಾ."

ಕುರಿಗಾರರ ದೇವರು ಬೀರಪ್ಪನ ಭಕ್ತ, ಕುರಿ ಸಾಕುವ ಅಜ್ಜ. ಅವನ ಹಿಂದೆಯೇ ಎಡಗಡೆಯಿಂದ ಓ ಎಂದರು, ಬಲಗಡೆಯಿಂದ ಓ ಎಂದರು. ಆಮೇಲೆ ಇಡೀ ಹಾಲ್ ಓ ಎಂದಿತು. ಸಾವಕಾರರ ಬಾಯಿ ಕೂಡ ಅಲ್ಲಾಡಿದ್ದನ್ನು ನಾನು ನೋಡಿದೆ.

ಪರದೆಯ ಮರೆಯಿಂದ ತಲೆ ಹೊರಗೆ ಹಾಕಿ ಮಾಸ್ತರರು ಸಾಯಿರಿ, ಸಾಯಿರಿ ಎಂದು ಕೈಸನ್ನೆ ಮಾಡಿದರು. ಅಕ್ಕೋರು ತುಟಿ ಅಲ್ಲಾಡಿಸದೆ ಹೇಳಿದರು: "ಇಷ್ಟು ಮಂದಿ ಓ ಅಂದ ಮ್ಯಾಲ ಹ್ಯಾಂಗ ಸಾಯ್ಲ್ರಿ ಸರ?"

ಅಷ್ಟರಲ್ಲಿ ಅಜ್ಜ ವೇದಿಕೆ ಹತ್ತಿ, ಹೆಗಲ ಮೇಲಿನ ಕರಿ ಕಂಬಳಿ ತೆಗೆದು ಅಕ್ಕೋರಿಗೆ ಹೊದಿಸಿದ್ದ. ದೇವರ ಮುಂದೆ ಹಾಸುವ ಕಂಬಳಿ, ಬೇಡ ಎನ್ನುವಂತಿಲ್ಲ. ಬೆವರಿನಲ್ಲಿ ತೊಯ್ದು ಹೋಗಿದ್ದ ಅಕ್ಕೋರು ಅದರೊಳಗೆ ಈಗ ನಿಜವಾಗಿಯೂ ಸಾಯುವ ಹಾಗಾದರು. ನೀರು ಹಿಡಿದು ಇನ್ನಷ್ಟು ಹೆಣ್ಣುಮಕ್ಕಳು ಮೇಲೆ ಬಂದರು. ವೇದಿಕೆ ತುಂಬ ಜನ, ಪರದೆ ಎಳೆಯಲೂ ಆಗಲಿಲ್ಲ.

ಅಜ್ಜ ನೇರವಾಗಿ ಮಾಸ್ತರರ ಹತ್ತಿರ ಹೋದ. ಹೆಣ್ಣುಮಗಳೊಬ್ಬಳನ್ನೇ ಬಿಟ್ಟು ಎಲ್ಲರೂ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದ. ಮಾಸ್ತರರು ತಾಳ್ಮೆಯಿಂದ ಸೂರ್ಯ ಮಂಕಾದದ್ದು, ಭೂಮಿ ಹೆಪ್ಪುಗಟ್ಟಿದ್ದು ಎಲ್ಲ ವಿವರಿಸಿ, ಆಕೆಯನ್ನು ಬಿಟ್ಟು ಎಲ್ಲರೂ ಸತ್ತಿದ್ದರು ಎಂದರು.

"ಸುಳ್ಳ ಹೇಳಬ್ಯಾಡ," ಎಂದ ಅಜ್ಜ. "ನೀ ಪರದಿ ಹಿಂದ ನಿಂತು ಆಕಿನ್ನ ಸಾಯಿ ಅನ್ನಾಕತ್ತಿದ್ದಿ. ನಾ ನೋಡೇನಿ."

ಮಾಸ್ತರರು ಸಾವಕಾರರ ಮುಖ ನೋಡಿದರು. ಸಾವಕಾರರು ಕನ್ನಡಕ ತೆಗೆದು, ಒರೆಸಿಕೊಂಡು, ಮತ್ತೆ ಹಾಕಿಕೊಂಡರು.

"ಮುಂದಿನ ವರ್ಷನೂ ಇಂಥದ್ದ ಮಾಡ್ರಿ ಮಾಸ್ತರ," ಎಂದರು. "ಆದ್ರ ಆ ಹೆಣ್ಮಗಳಿಗಿಂತ ಮೊದ್ಲ ನೀವು ಸಾಯ್ರಿ."