ಮನೆಗೊಂದು ಕಾರ್ಡು

ಚಿಕಿತ್ಸೆಗೆ ಮರಳಿ ಬಾರದ ಹೃದ್ರೋಗಿಗಳನ್ನು ಹಳೆಯ ದಾಖಲೆಗಳಿಂದ ಹೆಕ್ಕುವುದು ನಮ್ಮ ಆಸ್ಪತ್ರೆಯ ಕಂಪ್ಯೂಟರಿನ ಕೆಲಸ. ಅವರಿಗೆ ಫೋನ್ ಮಾಡಿ ಕರೆಯುವುದು ನನ್ನದು. ದಾಖಲೆಯಲ್ಲಿ ಬರೆದದ್ದನ್ನೆಲ್ಲ ಅದು ನಂಬುತ್ತದೆ, ನಾನು ಅದನ್ನು ನಂಬುತ್ತೇನೆ. ಹೀಗಾಗಿ ಇಂಥವು ತಿಂಗಳಿಗೊಂದಾದರೂ ನಡೆಯುತ್ತವೆ.

೧. ಅಪ್ಪನ ಕಾಯಿಲೆ

ಜೋಗುಪಾಳ್ಯದ ಒಬ್ಬರಿಗೆ ಫೋನ್ ಮಾಡಿದೆ. "ನಿಮಗೆ ಹಾರ್ಟ್ ಅಟ್ಯಾಕ್ ಆಗಿದೆ ಅಂತ ಬರೆದಿದೆ. ಒಂದ್ಸಲ ಬಂದು ತೋರಿಸ್ಕೊಳ್ಳಿ."

"ನಂಗಾ? ನಾನು ಬಂದಿದ್ದು ಕೆಮ್ಮಿಗೆ ರೀ. ಮನೇಲಿ ಯಾರಿಗಾದ್ರೂ ಹಾರ್ಟ್ ಪ್ರಾಬ್ಲಮ್ ಇತ್ತಾ ಅಂತ ಡಾಕ್ಟ್ರು ಕೇಳಿದ್ರು. ಅಪ್ಪಂಗೆ ಅಟ್ಯಾಕ್ ಆಗಿತ್ತು ಅಂದೆ."

"ಹಾಗಾದ್ರೆ ಅವರನ್ನೇ ಕಳಿಸಿ."

"ಕಲ್ಪಳ್ಳಿ ಸ್ಮಶಾನದಲ್ಲವ್ರೆ. ಆಟೋದವ್ರು ಒಪ್ಪಿದ್ರೆ ಕಳಿಸ್ತೀನಿ."

೨. ಚೊಕ್ಕ ಇಸಿಜಿ

ಮರ್ಫಿ ಟೌನಿನ ಪೇಂಟರೊಬ್ಬರು ಕರೆದ ಕೂಡಲೇ ಬಂದರು. ಹಳೆಯ ಇಸಿಜಿ ತೀರಾ ಕೆಟ್ಟದಾಗಿತ್ತು, ಹೊಸದು ಚೊಕ್ಕವಾಗಿತ್ತು. ಡಾಕ್ಟರು ಎರಡನ್ನೂ ಅಕ್ಕಪಕ್ಕ ಹಿಡಿದು, "ಯಾವ ಮಾತ್ರೆ ತಗೋತಿದ್ದೀರಿ?" ಎಂದರು.

"ಯಾವುದೂ ಇಲ್ಲ. ಹಳೇದು ನಮ್ಮ ಮನೆಯವಳ್ದು ಸಾರ್. ನನ್ನ ಆಸ್ಪತ್ರೆ ಕಾರ್ಡ್ ತಗೊಂಡು ಬಂದಿದ್ಲು."

"ಅವರಿಗೆ ಬೇರೆ ಮಾಡಿಸಬಾರದಿತ್ತಾ?"

"ಮನೆಗೊಂದು ಸಾಕಲ್ವಾ? ರೇಷನ್ ಕಾರ್ಡೂ ಒಂದೇ ಇರೋದು."

ನಾನು ನಕ್ಕೆ. ಡಾಕ್ಟರು ನಗಲಿಲ್ಲ. "ಇವತ್ತೇ ಕರ್ಕೊಂಡ್ ಬನ್ನಿ."

ಆಕೆ ಇಂದಿರಾನಗರದಲ್ಲಿ ಮೂರು ಮನೆಗಳ ಕೆಲಸ ಮಾಡುತ್ತಿದ್ದರು. "ಭಾನುವಾರ ಬರ್ತಾಳೆ ಸಾರ್," ಎಂದರು ಪೇಂಟರು. "ವಾರದ ನಡುವೆ ರಜ ಕೇಳಿದ್ರೆ ಆ ಮನೆಯಮ್ಮಂದಿರು ನಿಮ್ಮ ಡಾಕ್ಟ್ರಿಗಿಂತ ಜೋರಾಗಿ ಬೈತಾರೆ."

ಆಕೆ ಬಂದಾಗಲೇ ಹೊಸ ಕಾರ್ಡು ಮಾಡಿದರಾಯಿತು ಎಂದುಕೊಂಡೆ.

೩. ತಿದ್ದುಪಡಿ

ಆಕೆ ಶನಿವಾರವೇ ಬಂದರು. ಕೆಲಸದ ಮನೆಯ ಮೆಟ್ಟಿಲ ಮೇಲೆ ಕುಸಿದಿದ್ದರು. ಆ ಮನೆಯವರು ಕರೆತಂದು, ಆಕೆಯ ಪರ್ಸಿನಲ್ಲಿದ್ದ ಗಂಡನ ಕಾರ್ಡನ್ನೇ ಕೌಂಟರಿನಲ್ಲಿ ಕೊಟ್ಟರು. ಅವಸರದಲ್ಲಿ ಯಾರೂ ಹೆಸರು ನೋಡಲಿಲ್ಲ, ನಂಬರ್ ಒತ್ತಿದರು. ಆಕೆ ಉಳಿಯಲಿಲ್ಲ. ಕಂಪ್ಯೂಟರಿನ ಪ್ರಕಾರ ತೀರಿಕೊಂಡವರು ಪೇಂಟರು.

ಕೆಲವು ದಿನ ಬಿಟ್ಟು ಅವರು ಹೆಂಡತಿಯ ಮರಣ ಪ್ರಮಾಣಪತ್ರಕ್ಕೆಂದು ಬಂದು ನನ್ನೆದುರು ಕೂತರು.

"ದಾಖಲೆಯಲ್ಲಿ ಹೋಗಿರೋದು ನೀವು," ಎಂದೆ. "ಮೊದಲು ಅದನ್ನ ತಿದ್ದಬೇಕು."

ತಲೆಯಾಡಿಸಿದರು. ನಾನೇ ಫಾರಂ ತುಂಬುತ್ತಾ ಹೋದೆ. ಕೊನೆಯ ಸಾಲಿಗೆ ಬಂದಾಗ ಕೇಳದೆ ವಿಧಿಯಿರಲಿಲ್ಲ.

"ನೀವು ಬದುಕಿದ್ದೀರಿ ಅಂತ ಸಹಿ ಹಾಕೋಕೆ ಮನೇಲಿ ಯಾರಾದ್ರೂ ಇದ್ದಾರಾ?"

"ಇದ್ಲು ಸಾರ್," ಎಂದರು. ಪೆನ್ನು ಕೆಳಗಿಟ್ಟ ನನ್ನನ್ನು ನೋಡಿ ಅವರೇ ಸಮಾಧಾನ ಹೇಳಿದರು: "ನೀವೇ ಹಾಕ್ಬಿಡಿ. ಎದುರಿಗೇ ಕೂತಿದ್ದೀನಲ್ಲ."