ಅಥಣಿ ಬಸ್ಸಿಗೆ ಹತ್ತಿಸಿದ ಸುದ್ದಿ

ಊರವರ ಸುದ್ದಿಯನ್ನೆಲ್ಲ ಓದಿದವನ ಸುದ್ದಿಯನ್ನು ಯಾರೂ ಓದುವುದಿಲ್ಲ. ಅದಕ್ಕೇ ನಾನೇ ಬಾಯಿಬಿಟ್ಟು ಹೇಳಿಕೊಳ್ಳಬೇಕಾಗಿದೆ. ಚಿಕ್ಕೋಡಿಯ ಒಂದು ಸಣ್ಣ ಟೀವಿ ಕೇಂದ್ರದಲ್ಲಿ ನಾನು ಬಹಳ ವರ್ಷ ವಾರ್ತೆ ಓದಿದೆ. ಓದಿದೆ ಎಂದರೆ ಅಷ್ಟೇ ಅಲ್ಲ, ಸುದ್ದಿ ತಂದವನೂ ನಾನೇ, ಬರೆದವನೂ ನಾನೇ, ಓದುವ ಮೊದಲು ಎದ್ದು ಫ್ಯಾನ್ ಆರಿಸುವವನೂ ನಾನೇ. ಇಷ್ಟು ಕೆಲಸ ಒಬ್ಬನೇ ಮಾಡಿದರೆ ನಗೆಪಾಟಲಾಗುವುದಕ್ಕೆ ಹೊರಗಿನವರ ಸಹಾಯವೇನೂ ಬೇಕಾಗುವುದಿಲ್ಲ. ವಾರಕ್ಕೊಂದು ಫಜೀತಿ ತಾನಾಗಿಯೇ ಆಗುತ್ತಿತ್ತು.

ನಮ್ಮದು ಯಾವ ಪಕ್ಷದ್ದೂ ಅಲ್ಲ, ಯಾವ ಸಾಹುಕಾರರದ್ದೂ ಅಲ್ಲ. ಬೋರ್ಡಿನ ಮೇಲೆ ‘ಸ್ವತಂತ್ರ ವಾಹಿನಿ’ ಎಂದು ದೊಡ್ಡದಾಗಿ ಬರೆಸಿದ್ದೆವು. ದೊಡ್ಡ ವಾಹಿನಿಗಳಿಗೆ ಉಪಗ್ರಹ ಇತ್ತು, ನಮಗೆ ಬಸ್ಸಿತ್ತು. ಸಂಜೆ ವಾರ್ತೆ ರೆಕಾರ್ಡ್ ಮಾಡಿ ಸಿಡಿಗೆ ಹಾಕುತ್ತಿದ್ದೆವು. ಮರುದಿನ ಬೆಳಗಿನ ಬಸ್ಸಿನ ಕಂಡಕ್ಟರರ ಕೈಗೆ ಕೊಟ್ಟರೆ ಅದು ನಿಪ್ಪಾಣಿಗೆ, ರಾಯಬಾಗಕ್ಕೆ, ಅಥಣಿಗೆ ಹೋಗುತ್ತಿತ್ತು. ಅಲ್ಲಿಯ ಕೇಬಲ್ ಆಪರೇಟರ್ ಆಫೀಸಿನವರು ಅದನ್ನು ಸಂಜೆ ಹಾಕುತ್ತಿದ್ದರು. ಹೀಗಾಗಿ ಇವತ್ತಿನ ಸುದ್ದಿ ಜನರಿಗೆ ನಾಳೆ ಕಾಣುತ್ತಿತ್ತು. ‘ಇಂದು’ ಎಂಬ ಶಬ್ದವನ್ನು ನಾನು ಆ ಕಾಲದಲ್ಲೇ ಬಿಟ್ಟುಬಿಟ್ಟೆ. ಏನೇ ಆದರೂ ‘ಇತ್ತೀಚೆಗೆ’ ಆಗುತ್ತಿತ್ತು.

ನಮ್ಮ ಉಸಿರು ಇದ್ದದ್ದು ಅಥಣಿಯ ಆಪರೇಟರ್ ಸಾಹೇಬರ ಕೈಯಲ್ಲಿ. ಆ ಕಡೆ ತೆಲಸಂಗ, ಈ ಕಡೆ ಕಾಗವಾಡ, ಶಿರಗುಪ್ಪಿಯವರೆಗೆ ಅವರದೇ ವೈರು. ಅವರು ಕೈಬಿಟ್ಟರೆ ನಮ್ಮ ಅಂಗಡಿ ಮುಚ್ಚಿದ ಹಾಗೇ. ಅವರೋ, ಸಿಕ್ಕಾಗೊಮ್ಮೆ ಹೇಳುತ್ತಿದ್ದರು: “ಕಾಯ್ ಉಪಯೋಗ್, ಏನ್ ಉಪಯೋಗ್ರಿ ಮಾಸ್ತರ? ನಿಮ್ಮ ಸುದ್ದಿ ನಾ ಅಂತೂ ಒಂದಿನಾ ನೋಡಿಲ್ಲ. ಆ ಹೊತ್ತಿನ್ಯಾಗ ಒಂದ್ ಮರಾಠಿ ಸಿನಿಮಾ ಹಾಕಿದ್ರ ಮಂದಿ ನನಗ ಆಶೀರ್ವಾದ ಮಾಡ್ತಾರ. ಬಂದ್ ಮಾಡಿಬಿಡ್ತೇನಿ ನೋಡ್ರಿ.” ನಾನು ಮಾಸ್ತರನಲ್ಲ. ಆದರೆ ಬಂದ್ ಮಾಡುವವರ ಮುಂದೆ ಅದನ್ನೆಲ್ಲ ತಿದ್ದುತ್ತ ಕೂರಲಾಗುತ್ತದೆಯೇ?

ಗಿರಣಿ ನಿಂತ ಮೇಲೆ ವಾರ್ತೆ

ನಮ್ಮ ಸ್ಟುಡಿಯೋ ಇದ್ದದ್ದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ. ಆ ಕೋಣೆ ನಮಗೆ ಅಷ್ಟು ಸುಲಭಕ್ಕೆ ಯಾಕೆ ಸಿಕ್ಕಿತೆಂದು ಮೊದಲ ರೆಕಾರ್ಡಿಂಗಿನಲ್ಲಿ ಗೊತ್ತಾಯಿತು. ನಾನು “ನಮಸ್ಕಾರ” ಎಂದ ಕೂಡಲೇ ಕೆಳಗೆ ಗಿರಣಿ ಶುರುವಾಯಿತು. ಮೈಕು, ಮೇಜು, ನನ್ನ ಗದ್ದ ಮೂರೂ ಒಟ್ಟಿಗೆ ನಡುಗಿದವು. ನನಗೆ ಕ್ಯಾಮೆರಾ ಕಂಡರೆ ಅಂಜಿಕೆ ಎಂದು ಜನ ಬಹಳ ದಿನ ತಿಳಿದಿದ್ದರು.

ಅಂದಿನಿಂದ ಗಿರಣಿ ನಿಂತ ಮೇಲೆಯೇ ವಾರ್ತೆ. ಒಂದು ಸಂಜೆ ಹೊತ್ತು ಮುಳುಗಿದರೂ ಗಿರಣಿ ನಿಲ್ಲಲೊಲ್ಲದು. ಕೆಳಗಿಳಿದು ನೋಡಿದರೆ ಒಬ್ಬ ಅಜ್ಜಿ ಜೋಳದ ಚೀಲ ತಂದು ನಿಂತಿದ್ದಾಳೆ. “ಅಮ್ಮಾ, ಸ್ವಲ್ಪ ತಡೀರಿ, ವಾರ್ತೆ ಓದಬೇಕು” ಎಂದೆ.

“ನಿನ್ನ ಸುದ್ದಿ ನಾಳೆ ಓದಿದ್ರ ಹಳಸತೈತೇನೋ ಯಪ್ಪಾ? ಮನ್ಯಾಗ ಮಂದಿ ಹಸದ ಕುಂತಾರ. ಮಾತಾಡ್ಕೋತ ನಿಂದರಬ್ಯಾಡ, ಈ ಚೀಲದ ಬಾಯಿ ಹಿಡಿ.”

ಮೊದಲೇ ಒಂದು ದಿನ ಹಳೆಯದಾಗಿ ಹೋಗುವ ಸುದ್ದಿ. ಚೀಲದ ಬಾಯಿ ಹಿಡಿದೆ. ಬೀಸುವುದು ಮುಗಿದ ಮೇಲೆ ಓಡಿ ಹೋಗಿ, ಕೋಟು ಏರಿಸಿ, ಗಡಿಬಿಡಿಯಲ್ಲಿ ವಾರ್ತೆ ಓದಿದೆ. ತಲೆಯ ಮೇಲಿನ ಹಿಟ್ಟು ಕೊಡವಿಕೊಳ್ಳಬೇಕೆಂದು ನೆನಪಾಗಲಿಲ್ಲ.

ಸುದ್ದಿ ಬಂದ ಸಂಜೆಯೇ ರಾಯಬಾಗದಿಂದ ಒಬ್ಬರು ಫೋನ್ ಮಾಡಿ ಕಳಕಳಿಯಿಂದ ಕೇಳಿದರು: “ಯಾಕ್ರಿ, ದಿನಾ ಓದೋ ಆ ಹುಡುಗಗ ಆರಾಮಿಲ್ಲೇನು? ಪಾಪ, ಅವರ ಅಪ್ಪಗ ಈ ವಯಸ್ಸಿನ್ಯಾಗ ಕುಂಡ್ರಿಸೀರಲ್ಲ!”

ಇಬ್ಬರು ಓದುವವರು

ನಿಪ್ಪಾಣಿಯ ಕಡೆಯವರು ಮರಾಠಿಯಲ್ಲೂ ವಾರ್ತೆ ಬೇಕೆಂದರು. ವಾಹಿನಿ ನಡೆಸುತ್ತಿದ್ದ ನಮ್ಮ ಮಾಲೀಕರು ತಕ್ಷಣ ಒಪ್ಪಿದರು. ಓದುವವರು ಯಾರು ಎಂದಾಗ ನನ್ನ ಮುಖ ನೋಡಿದರು. ಸರಿ, ಕನ್ನಡ ವಾರ್ತೆ ಮುಗಿದ ಮೇಲೆ ಕೋಟು ತೆಗೆದು ಜಾಕೀಟು ಹಾಕಿಕೊಂಡು, ಕನ್ನಡಕ ಏರಿಸಿ, ಬೈತಲೆ ಬಲಗಡೆಗೆ ತೆಗೆದು, ಅದೇ ಸುದ್ದಿಯನ್ನು ಮರಾಠಿಯಲ್ಲಿ ಓದತೊಡಗಿದೆ. ಇಷ್ಟು ದೊಡ್ಡ ವಾಹಿನಿಗೆ ಒಬ್ಬನೇ ಗತಿ ಎಂದು ಜನರಿಗೆ ಗೊತ್ತಾಗಬಾರದಲ್ಲ.

ಒಂದು ಸಂಜೆ ಕೊಗನೊಳ್ಳಿಯ ಚಹದಂಗಡಿಯಲ್ಲಿ ಕೂತಿದ್ದೆ. ಟೀವಿಯಲ್ಲಿ ನಾನೇ ಇದ್ದೆ. ಅಂಗಡಿಯವರು ನನ್ನ ಕೈಗೆ ಚಹದ ಬಸಿ ಕೊಡುತ್ತ, ಟೀವಿಯೊಳಗಿನ ನನ್ನನ್ನೇ ನೋಡುತ್ತ ಹೇಳಿದರು: “ಈ ಕನ್ನಡದಾಂವ ಅಡ್ಡಿ ಇಲ್ಲರಿ. ಇಂವನ ಬೆನ್ನಿಗೆ ಒಬ್ಬ ಮರಾಠಿಯಾಂವ ಬರ್ತಾನ ನೋಡ್ರಿ, ಅಂವಗ ಯಾ ಪುಣ್ಯಾತ್ಮ ನೌಕ್ರಿ ಕೊಟ್ಟಾನೋ! ಬಾಯಾಗ ಬೆಂಡಿಕಾಯಿ ಹಾಕ್ಕೊಂಡ ಓದಿದಂಗ ಓದ್ತಾನ.”

ಅರ್ಧ ಸಂತೋಷ, ಅರ್ಧ ಸಂಕಟದಿಂದ ಚಹ ಕುಡಿದು ಬಂದೆ. ಚಿಕ್ಕೋಡಿಗೆ ಬಂದರೆ ನಮ್ಮ ಓಣಿಯ ನಿವೃತ್ತ ಹೆಡ್‌ಮಾಸ್ತರರು ತಡೆದು ನಿಲ್ಲಿಸಿದರು. ಅವರಿಗೆ ಕಣ್ಣು ಮಂದ, ಕಿವಿ ಚುರುಕು ಎಂದು ಅವರದೇ ಹೇಳಿಕೆ. “ನಿಮ್ಮಲ್ಲಿ ಆ ಮರಾಠಿ ಓದೋರು ಭಾಳ ಗಂಭೀರ ಅದಾರ. ಕನ್ನಡಕ್ಕೂ ಅವರನ್ನ ಕುಂಡ್ರಸ್ರಿ. ಈಗಿರೋಂವ ನಮ್ಮ ಭಾಷಾದ ಮಾನ ತಗೀಲಿಕ್ಕೆ ಹತ್ಯಾನ.”

ರಾತ್ರಿ ಊಟಕ್ಕೆ ಕೂತಾಗ ಎರಡನ್ನೂ ಹೆಂಡತಿಗೆ ಹೇಳಿದೆ. ಯಾರೋ ಒಬ್ಬರ ಮಾತಾದರೂ ಸುಳ್ಳು ಎನ್ನುತ್ತಾಳೆಂದು ಆಸೆ ನನಗೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಇಬ್ಬರೂ ಬೈದದ್ದು ಖರೇ ಐತಿ. ಹೊಗಳಿದ್ದ ಅಷ್ಟ ತಪ್ಪು” ಎಂದಳು.

ಸ್ವಲ್ಪ ನಗ್ರಿ

ನಮ್ಮ ಕ್ಯಾಮೆರಾಮನ್ ಮದುವೆ ಶೂಟಿಂಗ್ ಮಾಡುತ್ತಿದ್ದವನು. ಸುದ್ದಿಗೆ ಬಂದರೂ ಕೈಯಿಂದ ಮದುವೆ ಹೋಗಿರಲಿಲ್ಲ.

ಶಿರಗುಪ್ಪಿಯಲ್ಲಿ ಕಬ್ಬಿನ ಬೆಲೆಗಾಗಿ ಪ್ರತಿಭಟನೆ ಇತ್ತು. ಜನ ಸಿಟ್ಟಿನಿಂದ ಕುದಿಯುತ್ತಿದ್ದರು. ನಡುವೆ ಒಂದು ಹುಲ್ಲಿನ ಪ್ರತಿಕೃತಿ, ಸುಡಲು ಸೀಮೆಎಣ್ಣೆ. ನಾನು ಮುಖಂಡರ ಮಾತು ಬರೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಇವನ ದನಿ ಕೇಳಿಸಿತು: “ಅಣ್ಣಾರ, ಸ್ವಲ್ಪ ನಗ್ರಿ! ಹಿಂಗ ಮಾರಿ ಗಂಟ ಹಾಕ್ಕೊಂಡ ನಿಂತ್ರ ಚಲೋ ಬರಂಗಿಲ್ಲ. ಹಿರ್ಯಾರು ಮುಂದ ಕುಂಡ್ರಿ. ಈಗ ಒಂದೊಂದ್ ಮನೀಯವರು ಬಂದ ಆಜೂಬಾಜೂ ನಿಂದ್ರಿ.”

ಜನ ಬಂದರು! ಒಂದೊಂದು ಮನೆಯವರಾಗಿ ಬಂದು ಪ್ರತಿಕೃತಿಯ ಆಚೆ ಈಚೆ ನಿಂತು, ಅಂಗಿ ಜಗ್ಗಿಕೊಂಡು, ನಕ್ಕು, ಸರಿದು ಹೋದರು. ಒಬ್ಬ ಹಿರಿಯರು ರೂಢಿಯ ಬಲದಿಂದ ಅದರ ಮೇಲೆ ಅಕ್ಕಿಕಾಳು ಹಾಕುವಂತೆ ಕೈ ಎತ್ತಿಬಿಟ್ಟರು. ಬೆಂಕಿ ಹಚ್ಚುವಾಗ ಇವನು “ತಡೀರಿ, ಮೋಡ ಸರೀಲಿ” ಎಂದ. ಎಲ್ಲರೂ ಕಡ್ಡಿ ಹಿಡಿದು ಮೋಡ ನೋಡುತ್ತ ನಿಂತರು. ಮೇಲೆ ಎಡಿಟಿಂಗಿನಲ್ಲಿ ಗುಲಾಬಿ ಪಕಳೆ ಉದುರಿಸಿದ್ದು ಬೇರೆ. “ರೊಚ್ಚಿಗೆದ್ದ ರೈತರು” ಎಂದು ನಾನು ಗುಡುಗುತ್ತಿದ್ದರೆ ಪರದೆಯ ಮೇಲೆ ಊರಿಗೆ ಊರೇ ಹಲ್ಲು ಕಿರಿಯುತ್ತಿತ್ತು.

ಸುದ್ದಿ ಬಂದ ಮೇಲೆ ಯಾವಾಗ ಬೈಗುಳ ಬರುತ್ತದೋ ಎಂದು ಫೋನಿನ ಮುಂದೆ ಕೂತೆ. ಬಂತು. ಆ ಪ್ರತಿಭಟನೆಯ ಮುಖಂಡರದೇ. ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು: “ಏನ್ ತಗದೀರಿ ಸರ! ಇಡೀ ಮನೀಮಂದಿ ನೋಡೇವಿ. ನಮ್ಮ ಮಗಳ ಮದವಿಗೂ ಈ ಕ್ಯಾಮೆರಾದ ಮನಶ್ಯಾನ ಬೇಕ್ರಿ.”

ನಿಂಬೆಹಣ್ಣಿನ ಪಕ್ಕದಲ್ಲಿ

ಒಮ್ಮೆ ಏನೋ ಕೆಲಸಕ್ಕೆ ಅಥಣಿಗೆ ಹೊರಟೆ. ನಮ್ಮ ಸಿಡಿ ಒಯ್ಯುವ ಬಸ್ಸೇ. ಮುಂದಿನ ಸೀಟು ಸಿಕ್ಕಿತು. ಡ್ರೈವರರ ಎದುರಿನ ಗಾಜಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದರು. ಅದರ ಪಕ್ಕದಲ್ಲಿ ಸಿಡಿಗಳ ಒಂದು ಮಾಲೆ, ಬಿಸಿಲಿಗೆ ಥಳಥಳ ಹೊಳೆಯುತ್ತ ತಿರುಗುತ್ತಿತ್ತು. ಚೆಂದ ಕಾಣುತ್ತದಲ್ಲ ಎಂದು ನೋಡುತ್ತಿದ್ದವನಿಗೆ ಒಂದರ ಮೇಲೆ ನನ್ನದೇ ಅಕ್ಷರ ಕಾಣಿಸಿತು: ‘ವಾರ್ತೆ. ಅರ್ಜೆಂಟ್.’

“ಇವು ಎಲ್ಲಿಂದ ಬಂದವು?” ಎಂದು ಕೇಳಿದೆ. ಡ್ರೈವರರು ಹೆಮ್ಮೆಯಿಂದ ಹೇಳಿದರು: “ಈ ಗಾಡಿಗೆ ನಾನೂ ಕಂಡಕ್ಟರೂ ಹೊಸಾಬರ್ರಿ. ಚಿಕ್ಕೋಡ್ಯಾಗ ಯಾರೋ ದಿನಾ ಒಂದ್ ತಂದ ಕೊಟ್ಟ, ಕೈ ಮುಗದ ಹೋಗ್ತಾರಂತ. ಯಾರೋ ಪಾಪ, ಹರಕಿ ಹೊತ್ತಿರಬೇಕು.”

ಕೈ ಮುಗಿಯುತ್ತಿದ್ದವನು ನಾನೇ. ಇಷ್ಟು ದಿನ ಅಥಣಿಗೆ ಸುದ್ದಿಯೇ ಹೋಗಿಲ್ಲ! ಆಪರೇಟರ್ ಸಾಹೇಬರಿಗೆ ಬಂದ್ ಮಾಡಲು ಇದಕ್ಕಿಂತ ಬೇರೆ ನೆಪ ಬೇಕೇ? ಬಸ್ಸಿಳಿದವನೇ ಅವರ ಆಫೀಸಿಗೆ ಓಡಿದೆ. ಸಾಹೇಬರು ಇರಲಿಲ್ಲ, ಸಿಡಿ ಹಾಕುವ ನೌಕರ ಇದ್ದ.

“ಸುದ್ದಿ ಇಲ್ಲದೆ ಜನ ಗಲಾಟೆ ಮಾಡಿದರೇನು?” ಎಂದೆ.

“ಸುದ್ದಿ ಯಾಕಿಲ್ಲರಿ? ದಿನಾ ಹಾಕೇನಲ್ಲ. ಹೊಸಾದು ಬರಲಿಲ್ಲ, ಹೋದ ವಾರದ್ದು ಮಿಷನ್ನಿನ್ಯಾಗ ಇತ್ತು, ಅದನ್ನ ಚಾಲೂ ಮಾಡೇನಿ.”

“ವಾರವಿಡೀ ಅದೇ ಸುದ್ದಿಯೇ? ಯಾರೂ ಏನೂ ಅನ್ನಲಿಲ್ಲವೇ?”

“ತೆಲಸಂಗದವರೊಬ್ಬರು ಫೋನ್ ಮಾಡಿದ್ರರಿ. ಈ ವಾರ ಓದೋದು ಭಾಳ ಸುಧಾರಿಸೇತಿ, ಕಡೀಕೂ ರೂಢಿ ಆದಂಗ ಕಾಣತೈತಿ ಅಂದ್ರು.”

ಲೈವ್ ಬಂತು

ಮುಂದೆ ಇಪ್ಪತ್ತನಾಲ್ಕು ತಾಸಿನ ವಾಹಿನಿಗಳ ಕಾಲ ಬಂತು. ಶಿರಗುಪ್ಪಿಯಲ್ಲಿ ಮತ್ತೆ ಕಬ್ಬಿನ ಜಗಳವಾದಾಗ ಡಿಶ್ ಛತ್ರಿ ಹೊತ್ತ ದೊಡ್ಡ ವ್ಯಾನೇ ಬಂದು ಎಲ್ಲವನ್ನೂ ಲೈವ್ ತೋರಿಸಿತು. ಆಪರೇಟರ್ ಸಾಹೇಬರು ಫೋನ್ ಮಾಡಿದರು. “ನೋಡ್ರಿ ಮಾಸ್ತರ, ಆದ ಗಳಿಗ್ಗೆನ ತೋರಿಸ್ಯಾರ. ನಿಮ್ಮದು ಇನ್ನೂ ಬಸ್‌ಸ್ಟ್ಯಾಂಡಿನ್ಯಾಗ ಐತಿ. ಇವತ್ತಿಂದ ಬಂದ್.” ಆ ಸಂಜೆ ನಮ್ಮ ಹೊತ್ತಿಗೆ ಮರಾಠಿ ಸಿನಿಮಾ ಬಂತು. ನಾನು ಗಿರಣಿಯ ಕಟ್ಟೆಯ ಮೇಲೆ ಕೂತು, ನಾಳೆಯಿಂದ ಏನು ಮಾಡಬೇಕು ಎಂದು ಯೋಚಿಸಿದೆ. ನಿಜವಾಗಿ ಅಳು ಬಂದಿತ್ತು.

ಎರಡು ದಿನ ಕಳೆದಿರಬೇಕು. ಶಿರಗುಪ್ಪಿಯ ಅದೇ ಮುಖಂಡರ ಫೋನು: “ಸರ, ನಿಮ್ಮ ಸಲುವಾಗಿ ಅಥಣ್ಯಾಗ ಧರಣಿ ಹೂಡೇವಿ. ಬರ್ರಿ.” ನಾನೂ ಕ್ಯಾಮೆರಾಮನ್ನೂ ಓಡಿದೆವು. ಆಪರೇಟರ್ ಆಫೀಸಿನ ಮುಂದೆ ಟ್ರ್ಯಾಕ್ಟರ್ ಟ್ರೇಲರ್ ತುಂಬ ಜನ. ತೆಲಸಂಗದಿಂದಲೂ ಬಂದಿದ್ದರು. ಸ್ವತಂತ್ರ ಸುದ್ದಿಗಾಗಿ ಜನ ಬೀದಿಗಿಳಿದಿದ್ದಾರೆ! ಜನ್ಮ ಸಾರ್ಥಕವಾಯಿತು ಎಂದು ಕಣ್ಣೊರೆಸಿಕೊಂಡೆ. ಮುಖಂಡರು ಟ್ರೇಲರ್ ಹತ್ತಿ ಭಾಷಣ ಮಾಡಿದರು:

“ಲೈವ್ ತೋರಿಸಿದ್ರ ನಮಗೇನ ಬಂತ್ರಿ? ಲೈವ್ ಬರೂವಾಗ ನಾವು ರಸ್ತೇದಾಗ ಕುಂತಿದ್ವಿ! ನಾಡೆಲ್ಲಾ ನಮ್ಮನ್ನ ನೋಡೇತಿ, ನಮ್ಮನ್ನ ನಾವ ನೋಡಿಲ್ಲ. ಇವರ ಸುದ್ದಿ ಹಂಗಲ್ಲ. ಇವತ್ತ ಗದ್ದಲಾ ಮಾಡಿ ಮನಿಗೆ ಹೋಗಿ, ನಾಳೆ ಜಳಕಾ ಮಾಡಿ, ಬೀಗರನ್ನ ಕರದು, ಚುರಮರಿ ಹಿಡಕೊಂಡ ಕುಂಡ್ರತೇವಿ. ಆವಾಗ ಬರತೈತಿ!”

“ನಾವೂ ಬಸ್ಸಿನ್ಯಾಗ ಬರ್ತೇವಿ, ಅದೂ ಬಸ್ಸಿನ್ಯಾಗ ಬರತೈತಿ” ಎಂದು ಒಬ್ಬ ಹೆಣ್ಣುಮಗಳು ದನಿಗೂಡಿಸಿದಳು.

“ಮತ್ತೆ ನಾನು ಓದುವುದು?” ಎಂದು ಮುಖಂಡರ ಕಿವಿಯಲ್ಲಿ ಕೇಳಿದೆ. “ಅದನ್ನ ಸಣ್ಣ ದನೀಲೆ ಇಟ್ಟಿರ್ತೇವ್ರಿ, ನೀವೇನ ಕಾಳಜಿ ಮಾಡಬ್ಯಾಡ್ರಿ” ಎಂದರು.

ಆಪರೇಟರ್ ಸಾಹೇಬರು ಬನಿಯನ್ ಮೇಲೆಯೇ ಹೊರಗೆ ಬಂದು ಕೂಗಾಡಿದರು. ಜನ ಅವರಿಗಿಂತ ಜೋರಾಗಿ ಕೂಗಿದರು. ಕೊನೆಗೆ “ಆತ್ರಿ, ಚಾಲೂ ಮಾಡ್ತೇನಿ, ಹೋಗ್ರಿ” ಎಂದು ಕೈ ಮುಗಿದರು. ಜಯಘೋಷವಾಯಿತು. ನಮ್ಮಿಬ್ಬರಿಗೂ ಮಾಲೆ ಬಿತ್ತು.

ಚಿಕ್ಕೋಡಿಗೆ ಬಂದು, “ಕ್ಯಾಸೆಟ್ ತೆಗಿ, ನಮ್ಮ ವಾಹಿನಿಯ ಅತಿ ದೊಡ್ಡ ಸುದ್ದಿ” ಎಂದೆ. ಕ್ಯಾಮೆರಾಮನ್ ನೆಲ ನೋಡಿದ. “ನನಗೂ ಮಾಲಿ ಹಾಕಿದ್ರಲ್ಲರಿ. ಮಾಲಿ ಹಾಕ್ಕೊಂಡಾಂವ ಎಂದಾದ್ರೂ ಶೂಟಿಂಗ್ ಮಾಡ್ತಾನೇನು?”

ಮರುದಿನ ಸಂಜೆ ಶಿರಗುಪ್ಪಿಯಲ್ಲಿ ಜನ ಜಳಕ ಮಾಡಿ, ಬೀಗರನ್ನು ಕರೆದು, ಚುರಮರಿ ಹಿಡಿದು ಕೂತರು. ಟೀವಿಯಲ್ಲಿ ಬರೀ ನಾನು ಬಂದೆ. ಮುಖಂಡರ ಫೋನು ಬಂದೇ ಬಂತು. “ಬೀಗರ ಮುಂದ ಮಾನ ಕಳದ್ರಿ ಸರ! ನಾಳೆ ಮತ್ತ ಧರಣಿ ಮಾಡ್ತೇವಿ. ಕ್ಯಾಮೆರಾ ಚಾಲೂ ಮಾಡ್ರಿ.”

“ಸಾಹೇಬರು ಒಪ್ಪಿಯಾಗಿದೆಯಲ್ಲ, ಇನ್ನೇತಕ್ಕೆ ಧರಣಿ?” ಎಂದು ಗೋಗರೆದೆ. ಕೇಳುವವರಾರು? ಮರುದಿನ ಅದೇ ಟ್ರ್ಯಾಕ್ಟರ್, ಅದೇ ಘೋಷಣೆ. ಅಂಗಿ ಮಾತ್ರ ಹೊಸವು. ಉಳಿದ ಅನ್ನಕ್ಕೂ ಕಲ್ಲು ಬಿತ್ತು, ಸಾಹೇಬರು ಈ ಸಲ ಸಿಟ್ಟಿಗೆದ್ದು ಖಾಯಂ ಬಂದ್ ಮಾಡುತ್ತಾರೆ ಎಂದು ನಾನು ಟ್ರ್ಯಾಕ್ಟರಿನ ಮರೆಯಲ್ಲಿ ನಿಂತೆ.

ಬಾಗಿಲು ತೆರೆಯಿತು. ಆಪರೇಟರ್ ಸಾಹೇಬರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಮುಖಕ್ಕೆ ಪೌಡರ್ ಹಚ್ಚಿ ಹೊರಗೆ ಬಂದರು. ಬೆಳಕು ಯಾವ ಕಡೆಯಿಂದ ಬೀಳುತ್ತದೆಂದು ಕ್ಯಾಮೆರಾಮನ್‌ನನ್ನು ಕೇಳಿ, ಅಲ್ಲಿ ಹೋಗಿ ನಿಂತು, ಎದೆ ಸೆಟೆದು ಮುಖಂಡರಿಗೆ ಹೇಳಿದರು: “ಹೂಂ, ಈಗ ಬೈರಿ. ಮೊನ್ನೆ ಬೈದಂಗ ಬೈರಿ. ನನ್ನ ಮಾರಿಗೆ ಮಾತ್ರ ಅಡ್ಡ ನಿಂದರಬ್ಯಾಡ್ರಿ.”

ಎಲ್ಲ ಮುಗಿದ ಮೇಲೆ ನನ್ನನ್ನು ಬದಿಗೆ ಕರೆದು, ಹೆಗಲ ಮೇಲೆ ಕೈ ಹಾಕಿ, ಇಷ್ಟು ವರ್ಷ ನಮ್ಮ ಸುದ್ದಿಯನ್ನು ತಮ್ಮದೇ ಕೇಬಲ್ಲಿನಲ್ಲಿ ಬಿಟ್ಟ ಆ ಮಹಾನುಭಾವರು ಮೆಲ್ಲಗೆ ಕೇಳಿದರು: “ಮನ್ಯಾಗ ಎಲ್ಲಾರಿಗೂ ಹೇಳೇನ್ರಿ ಮಾಸ್ತರ. ನಿಮ್ಮ ಸುದ್ದಿ ಎಷ್ಟ ಗಂಟೇಕ ಬರತೈತಿ?”