ಹ್ಞೂಂ ಅನ್ನುವ ಪೈಪು

ದೆವ್ವ, ಶಕುನ ಇಂಥವುಗಳಲ್ಲಿ ನನಗೆ ನಂಬಿಕೆಯಿಲ್ಲ. ಈ ಮಾತನ್ನು ಬೆಳಿಗ್ಗೆ ಹೊತ್ತು, ಜನರ ನಡುವೆ, ಕೈಯಲ್ಲಿ ಬಿಸಿ ಕಾಫಿಯ ಲೋಟ ಇರುವಾಗ ಬಹಳ ಧೈರ್ಯವಾಗಿ ಹೇಳಬಲ್ಲೆ. ದೀಪ ಹಚ್ಚುವ ಹೊತ್ತಿಗೆ ಇದೇ ಮಾತು ಸ್ವಲ್ಪ ತೆಳ್ಳಗಾಗುತ್ತದೆ. ಬೆಳಿಗ್ಗೆ ವಿಚಾರವಾದಿಯಾಗಿದ್ದವನು ಸಂಜೆಯೂ ವಿಚಾರವಾದಿಯಾಗಿಯೇ ಉಳಿದಿದ್ದಾನೆಂದರೆ ಅವನ ಗಾಡಿಯ ಸೈಲೆನ್ಸರ್ ಪೈಪು ಚೆನ್ನಾಗಿದೆ ಎಂದೇ ಅರ್ಥ. ನನ್ನ ಗಾಡಿಯದು ಚೆನ್ನಾಗಿರಲಿಲ್ಲ.

ನಾನು ಶಾಮಿಯಾನದವನು. ಕುರ್ಚಿ, ಮೇಜು, ಜಮಖಾನ, ಅಡುಗೆಯ ದೊಡ್ಡ ಪಾತ್ರೆಗಳನ್ನು ಬಾಡಿಗೆಗೆ ಕೊಡುವುದು ನನ್ನ ಕಸುಬು. ಮಗುವಿಗೆ ಹೆಸರಿಡುವ ದಿನವೂ ನಮ್ಮನ್ನೇ ಕರೆಯುತ್ತಾರೆ, ಆ ಹೆಸರಿನ ಮುಂದೆ 'ದಿವಂಗತ' ಎಂದು ಸೇರುವ ದಿನವೂ ನಮ್ಮನ್ನೇ ಕರೆಯುತ್ತಾರೆ. ಕುರ್ಚಿಗಳು ಎರಡಕ್ಕೂ ಅವೇ. ಸಾವಿನ ಮನೆಯಿಂದ ಬಂದವಕ್ಕೆ ಅರಿಶಿನದ ನೀರು ಚಿಮುಕಿಸಿ ಬಿಸಿಲಿಗೆ ಇಡುತ್ತೇವೆ, ಮರುದಿನ ಅವುಗಳ ಮೇಲೆ ಬೀಗರು ಕೂತು ಹೋಳಿಗೆ ತಿನ್ನುತ್ತಾರೆ. ಈ ಕಸುಬಿಗೆ ಒಂದು ಶಿಸ್ತಿದೆ. ಸಾವಿನ ಮನೆಯಿಂದ ಹೊರಡುವಾಗ 'ಹೋಗಿ ಬರ್ತೀನಿ' ಅನ್ನಬಾರದು. ಸುಮ್ಮನೆ ಸಾಮಾನು ಏರಿಸಿಕೊಂಡು, ತಿರುಗಿ ನೋಡದೆ ಹೊರಡಬೇಕು. ನಾನು ಕಸುಬಿಗೆ ಹೊಸಬನಾಗಿದ್ದಾಗ ಅಂಥ ಮನೆಯೊಂದರಲ್ಲಿ ಬಾಯಿತಪ್ಪಿ, ಮತ್ತೆ ಏನಾದರೂ ಇದ್ದರೆ ನಮಗೇ ಹೇಳಿ ಅಂದುಬಿಟ್ಟಿದ್ದೆ. ಆ ಮನೆಯಲ್ಲಿ ಉಳಿದವರ ಪೈಕಿ ಹಿರಿಯರಾಗಿದ್ದವರು, ನಾನು ತಮ್ಮ ಚಟ್ಟಕ್ಕೆ ಅಳತೆ ತೆಗೆದುಕೊಳ್ಳಲು ಬಂದವನೇನೋ ಎನ್ನುವಂತೆ ನನ್ನನ್ನು ನೋಡಿದರು.

ಇದನ್ನೆಲ್ಲ ಹೊರುವುದು ನನ್ನ ಹಳೆಯ ಪಿಕಪ್ ಗಾಡಿ. ಆಯುಧಪೂಜೆಗೆ ಅದಕ್ಕೆ ನಾನು ಮಾಡುವ ಅಲಂಕಾರ ನೋಡಿ ನನ್ನ ಹೆಂಡತಿ ಸುಮಿತ್ರ, ಮದುವೆಯಾದ ವರ್ಷ ನನಗೂ ಇಷ್ಟು ಹೂವು ತಂದವರಲ್ಲ ಅನ್ನುತ್ತಾಳೆ. ಅವಳ ಇನ್ನೊಂದು ದೂರು ಕಿಟಕಿಯ ಪರದೆಯದು. ಕೆಲಸ ಮುಗಿದ ಮೇಲೆ ಗಾಡಿಯನ್ನು ಮನೆಯ ಪಕ್ಕದ ಓಣಿಗೆ ಹಿಂಬದಿಯಿಂದ ನುಗ್ಗಿಸಿ ನಿಲ್ಲಿಸುವುದು ನನ್ನ ರೂಢಿ. ಅದರ ಹೊಗೆಗೆ ನಾವು ಮಲಗುವ ಕೋಣೆಯ ಪರದೆ ಕಪ್ಪಗಾಗಿದೆ ಎಂದು ಅವಳು, ಅದು ಪರದೆಯ ಬಣ್ಣವೇ ಎಂದು ನಾನು, ಹೀಗೆ ಬಹಳ ಕಾಲದಿಂದ ನಡೆದಿದೆ. ಹೊಗೆಯ ಮಟ್ಟಿಗೆ ನಿಂತಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಇತ್ತೀಚೆಗೆ ಗಾಡಿ ಮಾತಾಡಲು ಶುರುಮಾಡಿತು.

ಮಾತು ಅಂದರೆ ಒಂದೇ ಮಾತು. ಎಂಜಿನ್ ಆರಿಸಿದ ಮೇಲೆ, ಎಲ್ಲ ಸದ್ದೂ ನಿಂತ ಮೇಲೆ, ಗಾಡಿಯ ಹೊಟ್ಟೆಯ ಕೆಳಗಿನಿಂದ ನಿಧಾನವಾಗಿ 'ಹ್ಞೂಂ...' ಎಂದು ಬರುತ್ತಿತ್ತು. ನರಳಿಕೆಯಾಗಿದ್ದರೆ ಹಳೇ ಗಾಡಿ, ಪಾಪ, ಎಂದುಕೊಳ್ಳಬಹುದಿತ್ತು. ಇದು ನರಳಿಕೆಯಲ್ಲ. ಇದೇ ಮನೆಯಾ ಎಂದು ಯಾರೋ ಮೆಲ್ಲಗೆ ಕೇಳಿದರು, ಅದಕ್ಕೆ ಇನ್ಯಾರೋ ಹ್ಞೂಂ ಅಂದರು, ಹಾಗಿತ್ತು. ಕೇಳಿದವರ ದನಿ ಮಾತ್ರ ನಮಗೆ ಕೇಳಿಸುತ್ತಿರಲಿಲ್ಲ.

ಮೊದಲ ಸಲ ಅದು ನನ್ನ ಕಿವಿಗೆ ಬಿದ್ದದ್ದು ಅಶೋಕಪುರಂನಲ್ಲಿ, ಒಂದು ನಾಮಕರಣದ ಮನೆಗೆ ಕುರ್ಚಿ ಇಳಿಸಲು ಹೋದಾಗ. ಜಾಗ ಸಿಗದೆ ಪಕ್ಕದ ಮನೆಯ ಮುಂದೆ ನಿಲ್ಲಿಸಿದ್ದೆ. ಅಲ್ಲಿ ಜಗಲಿಯ ಮೇಲೆ ಪೇಪರ್ ಓದುತ್ತಿದ್ದ ಯಜಮಾನರು ತಲೆಯೆತ್ತಿ, ಕನ್ನಡಕ ತೆಗೆದು, ಗಾಡಿಯನ್ನು ನೋಡಿದರು. ನಾನು ನಕ್ಕೆ, ಅವರು ನಗಲಿಲ್ಲ. ಆ ವಾರ ಮುಗಿಯುವುದರೊಳಗೆ ಆ ಮನೆಯಿಂದ ಫೋನ್ ಬಂತು. ಬಿಳಿ ಬಟ್ಟೆಯ ಶಾಮಿಯಾನವೇ ಆಗಬೇಕು ಅಂದರು. ಯಜಮಾನರಿಗೆ ವಯಸ್ಸಾಗಿತ್ತು, ಇರಲಿ ಅಂದುಕೊಂಡೆ. ಆಮೇಲೆ ಗೃಹಪ್ರವೇಶದ ಕುರ್ಚಿ ವಾಪಸು ತರಲು ಹೋದ ಬೀದಿಯಲ್ಲಿ ಗಾಡಿ ಹ್ಞೂಂ ಅಂದಿತು. ಎದುರು ಮನೆಯ ಹೆಂಗಸು ಒಗೆದ ಬಟ್ಟೆ ಹಿಡಿದುಕೊಂಡೇ ಯಾರದು ಎಂದು ಕೇಳಿದರು. ಅವರಿಗೇನೂ ಆಗಲಿಲ್ಲ. ಒಳಗೆ ಮಲಗಿದ್ದ ಅವರ ಅತ್ತೆಗೆ ಆಯಿತು.

ಇಂಥ ಸುದ್ದಿ ಹಬ್ಬುವುದಕ್ಕೆ ನಮ್ಮ ಮೈಸೂರಿನಲ್ಲಿ ವಾಟ್ಸಾಪ್ ಬೇಕಿಲ್ಲ, ಸೊಪ್ಪಿನವರು ಸಾಕು. ಮದುವೆ ಮನೆಯವರು ಕುರ್ಚಿ ನಿಮ್ಮದೇ ಇರಲಿ, ಗಾಡಿ ಮಾತ್ರ ಬೇರೆ ಕಳಿಸಿ ಎಂದು ನಯವಾಗಿ ಹೇಳತೊಡಗಿದರು. ಪರಿಚಯದ ನಿವೃತ್ತ ಮೇಷ್ಟ್ರೊಬ್ಬರು ನನ್ನ ಗಾಡಿ ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ನಾನು ಎಲ್ಲರಿಗೂ ಕಾಕತಾಳೀಯ ಎಂಬ ಪದವನ್ನು ವಿವರಿಸುತ್ತಾ ತಿರುಗಿದೆ. ಒಂದು ಸಂಜೆಯವರೆಗೆ ಆ ಪದ ನನಗೂ ಒಪ್ಪಿಗೆಯಾಗಿತ್ತು.

ಆ ಸಂಜೆ ಗಾಡಿಯನ್ನು ಓಣಿಗೆ ನುಗ್ಗಿಸಿ ಎಂಜಿನ್ ಆರಿಸಿದೆ. ಗೇಟಿನ ಬಳಿ ದೊಡ್ಡಮ್ಮ ಕರಿಬೇವು ಬಿಡಿಸಿಕೊಳ್ಳುತ್ತಾ ನಿಂತಿದ್ದರು. ದೊಡ್ಡಮ್ಮ ಅಂದರೆ ನನ್ನ ತಾಯಿಯ ಅಕ್ಕ. ಅಮ್ಮ ಹೋದಾಗ ನಾನಿನ್ನೂ ಚಿಕ್ಕವನು, ಆವತ್ತಿನಿಂದ ನನ್ನನ್ನು ಸಾಕಿದವರು ಇವರೇ. ಮಾತಿಗೆ ಮುಂಚೆ ಬಯ್ಯುವ, ಬಯ್ದ ಮೇಲೆ ಊಟಕ್ಕೆ ಕರೆಯುವ ಜೀವ. ಓಣಿಯಿಂದ ಸಾವಕಾಶವಾಗಿ, ಎಂದಿಗಿಂತ ಉದ್ದವಾಗಿ 'ಹ್ಞೂಂ...' ಬಂತು. ನನ್ನ ಮನೆ. ನನ್ನ ದೊಡ್ಡಮ್ಮ. ನಾನು ಸ್ಟಿಯರಿಂಗ್ ಬಿಡದೆ ಅವರ ಮುಖ ನೋಡಿದೆ. ಅವರು ಕರಿಬೇವಿನ ಎಲೆ ಸೆರಗಿಗೆ ಹಾಕಿಕೊಂಡು, ಓಣಿಯ ಕಡೆ ಸ್ವಲ್ಪ ಹೊತ್ತು ದೃಷ್ಟಿಯಿಟ್ಟು, ಏನೂ ಹೇಳದೆ ಒಳಗೆ ಹೋದರು. ದೊಡ್ಡಮ್ಮ ಏನೂ ಹೇಳದೆ ಹೋದದ್ದನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ.

ಮರುದಿನದಿಂದ ಅವರು ಕಾಫಿ ಬಿಟ್ಟರು. ಮಂಗಳವಾರ, ಶುಕ್ರವಾರ ಬಸ್ ಹತ್ತಿ ಬೆಟ್ಟಕ್ಕೆ ಹೋಗತೊಡಗಿದರು. ಕಾರಣ ಕೇಳಿದರೆ ತಾಯಿ ಹತ್ರ ಒಸಿ ಮಾತೈತೆ ಅನ್ನುತ್ತಿದ್ದರು. ಅವರಿಗೆ ತಿಳಿದುಹೋಗಿದೆ, ಸಿದ್ಧರಾಗುತ್ತಿದ್ದಾರೆ ಎಂದುಕೊಂಡೆ. ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಅವರಿಗೆ ಏನೂ ಇಲ್ಲ ಅಂದರು. ಏನೂ ಇಲ್ಲದವರು ಹೋದ ಮನೆಗಳಿಗೂ ನಾನು ಕುರ್ಚಿ ಹಾಕಿದವನು, ಆ ಮಾತು ನನಗೆ ಸಮಾಧಾನ ಕೊಡಲಿಲ್ಲ. ಹಾಗಾಗಿ ವಿಚಾರವಾದಿ ಮಾಡಬೇಕಾದದ್ದನ್ನೇ ಮಾಡಿದೆ: ಪೈಪು ಬದಲಾಯಿಸಿದರೆ ದೊಡ್ಡಮ್ಮ ಉಳಿಯುತ್ತಾರೆ ಎಂದು ತೀರ್ಮಾನಿಸಿ, ಗಾಡಿಯನ್ನು ಬನ್ನಿಮಂಟಪದ ಸಿದ್ದರಾಜುವಿನ ಗ್ಯಾರೇಜಿಗೆ ಒಯ್ದೆ.

ಸಿದ್ದರಾಜು ಗಾಡಿಯ ಕೆಳಗೆ ಮಲಗಿದಂತೆಯೇ ರೋಗ ಹೇಳಿದ. ನಡುವಿನ ಪೈಪು ತುಕ್ಕು ಹಿಡಿದು ತೂತುಬಿದ್ದಿದೆ. ಯಾರೋ ಹಿಂದೆ ತಗಡು ಸುತ್ತಿ ಬೆಸುಗೆ ಹಾಕಿದ್ದಾರೆ, ಬಿಸಿ ಆರುವಾಗ ಅದು ಸೆಳೆದುಕೊಳ್ಳುತ್ತದೆ, ಅದಕ್ಕೇ ಸದ್ದು. ಆ ಯಾರೋ ಅವನೇ ಎಂಬುದು ಇಬ್ಬರಿಗೂ ಗೊತ್ತಿತ್ತು. ಆ ತುಂಡನ್ನು ಕತ್ತರಿಸಿ ಹೊಸ ತುಂಡು ಬೆಸೆಯುತ್ತೇನೆ, ನಾಳೆ ಬನ್ನಿ ಅಂದ. ನಾನು ಇಲ್ಲೇ ಕೂರುತ್ತೇನೆ ಅಂದೆ. ಕೂತೆ. ಎಡಭುಜ ಬೇರೆ ಸೆಳೆಯುತ್ತಿತ್ತು. ಮೆಟ್ಟಿಲು ಹತ್ತಿದಾಗಲೂ ಸೆಳೆಯುತ್ತದೆ, ಜೀವನವಿಡೀ ಕುರ್ಚಿ ಹೊತ್ತವನಿಗೆ ಸೆಳೆಯದೆ ಏನು.

ಬೋಲ್ಟುಗಳು ಬಿಡಲಿಲ್ಲ. ಸೀಮೆಎಣ್ಣೆ ಕುಡಿಸಿದ, ತಟ್ಟಿದ, ಕೊನೆಗೆ ಕಟಿಂಗ್ ಮೆಷಿನ್ ಹಿಡಿದ. ಕಿಡಿ ಹಾರಿತು, ತುಂಡು ಠಣ್ಣೆಂದು ನೆಲಕ್ಕೆ ಬಿತ್ತು. ಮೆಷಿನ್ ನಿಲ್ಲಿಸಿ ಸಿದ್ದರಾಜು ಮುಖ ಒರೆಸಿಕೊಳ್ಳುತ್ತಿದ್ದ. ಗಾಡಿಗೂ ತನಗೂ ಸಂಬಂಧ ಕಡಿದುಹೋದ ಆ ತುಂಡು, ನೆಲದ ಮೇಲೆ ಒಂಟಿಯಾಗಿ ಬಿದ್ದುಕೊಂಡು, 'ಹ್ಞೂಂ...' ಅಂದಿತು. ಅವನು ಒರೆಸಿಕೊಳ್ಳುವುದನ್ನು ನಿಲ್ಲಿಸಿದ. ಗಾಳಿ ಇರಬೇಕು ಅಂದೆ. ಗಾಳಿನೇ ಅಂದ. ಇಬ್ಬರೂ ಹೊರಗಿನ ಬೇವಿನ ಮರ ನೋಡಿದೆವು. ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಆಮೇಲಿನ ಕೆಲಸವನ್ನು ಸಿದ್ದರಾಜು ನಾನು ಕಂಡರಿಯದ ವೇಗದಲ್ಲಿ ಮುಗಿಸಿದ. ಹೊಸ ತುಂಡು ಕೂತಿತು, ಬೆಸುಗೆ ಆಯಿತು, ನೇತುಹಾಕುವ ರಬ್ಬರನ್ನೂ ಕೇಳದೆಯೇ ಹೊಸದು ಹಾಕಿದ. ಮಾಮೂಲಾಗಿ ಅವನು ಹಳೆಯ ಸಾಮಾನನ್ನು ಗಿರಾಕಿಗೆ ತೋರಿಸಿ, ಗುಜರಿಗೆ ಹಾಕಲು ತಾನೇ ಇಟ್ಟುಕೊಳ್ಳುವವನು. ಅಂದು ಮಾತ್ರ ಪೈಪನ್ನು ಗೋಣಿಚೀಲದಲ್ಲಿ ಸುತ್ತಿ ತಂದು ನನ್ನ ಗಾಡಿಯ ಹಿಂದೆ ಇಟ್ಟ.

"ಇದ್ನ ನೀವೇ ತಗೊಂಡೋಗ್ಬುಡಿ ಸಾರ್. ನಮ್ ಗ್ಯಾರೇಜ್ ಹಿಂದೇನೇ ನಮ್ ಮನೆ ಐತೆ."

ವಾಪಸು ಬರುವಾಗ ಗಾಡಿ ಎಷ್ಟು ಮೆತ್ತಗೆ ಓಡಿತೆಂದರೆ ರಸ್ತೆ ದಾಟುವವರು ಪಕ್ಕಕ್ಕೆ ಸರಿಯುವುದನ್ನೇ ಮರೆತರು. ಹಿಂದಿನಿಂದ, ಗೋಣಿಯೊಳಗಿಂದ, ಆಗಾಗ ಸಣ್ಣಗೆ ಗುನುಗು ಕೇಳುತ್ತಿತ್ತು. ನಾನು ರೇಡಿಯೋ ಹಾಕಿದೆ. ಗುಜರಿಯವನು ಬರಲಿ ಎಂದು ಪೈಪನ್ನು ಗೇಟಿನ ಮೂಲೆಗೆ ಒರಗಿಸಿಟ್ಟು, ಮಾರನೆಯ ದಿನ ಕೆಲಸಕ್ಕೆ ಹೋದೆ. ಸಂಜೆ ಬಂದು ನೋಡಿದರೆ ಮೂಲೆ ಖಾಲಿ. ಪೈಪು ಹಿತ್ತಿಲಲ್ಲಿ, ದೊಡ್ಡಮ್ಮನ ಕೋಣೆಯ ಕಿಟಕಿಯ ಹೊರಗೆ, ನೆಲದಲ್ಲಿ ನೆಟ್ಟಗೆ ಹೂತು ನಿಂತಿತ್ತು. ಅದರ ಮೇಲ್ತುದಿಯ ಬಾಗಿದ ಬಾಯಿ ಕಿಟಕಿಯ ಕಡೆಗೇ ತಿರುಗಿತ್ತು. ಅರಿಶಿನ, ಕುಂಕುಮ, ಬುಡದಲ್ಲಿ ಒಂದು ನಿಂಬೆಹಣ್ಣು.

ಅಡುಗೆಮನೆಗೆ ಓಡಿದೆ. ಇದೇನು ದೊಡ್ಡಮ್ಮ, ಇಲ್ಲಿ ಯಾಕೆ ನೆಟ್ಟಿರಿ ಎಂದು ಕೇಳಿದೆ. ಅವರು ಸೌತೆಕಾಯಿ ಹೆಚ್ಚುತ್ತಿದ್ದರು, ತಲೆಯೆತ್ತಲಿಲ್ಲ.

"ಗಾಡಿ ಯಾರ ಕಿಟಕಿ ಕೆಳಗೆ ನಿಲ್ತಿತ್ತು, ಹೇಳು ನೋಡಾನ. ನನ್ ರೂಮು ಹಿತ್ಲ ಕಡೆ ಐತೆ. ಅದು ಹ್ಞೂಂ ಅಂದಿದ್ದು ನಿನ್ ತಲೆದಿಂಬ್ನತ್ರ ಕಣ್ಲಾ."

ನಾನು ಕಪ್ಪಗಾದ ಪರದೆಯನ್ನು ನೆನೆದೆ. ಇಷ್ಟು ದಿನ ಊರಿನ ವಯಸ್ಸಾದವರನ್ನೆಲ್ಲ, ಮೇಷ್ಟ್ರನ್ನು, ದೊಡ್ಡಮ್ಮನನ್ನು, ಒಬ್ಬೊಬ್ಬರನ್ನಾಗಿ ಮನಸ್ಸಿನಲ್ಲೇ ಬಿಳಿ ಬಟ್ಟೆಯ ಕೆಳಗೆ ಮಲಗಿಸಿ ನೋಡಿದ್ದೆ. ನನ್ನ ಹೆಸರು ಒಂದು ಸಲವೂ ಹೊಳೆದಿರಲಿಲ್ಲ. ಕಾಫಿ ಬಿಟ್ಟದ್ದು, ಬೆಟ್ಟಕ್ಕೆ ಹೋದದ್ದು, ಎಲ್ಲ ನನಗಾಗಿ ಹೊತ್ತ ಹರಕೆ.

"ಅಲ್ಲಿ ಕೂಗೋದು ಇಲ್ಲಿ ಕೂಗ್ಲಿ ಅಂತ ತಂದು ನೆಟ್ಬುಟ್ಟೆ," ಅಂದರು. "ನಂಗೇನು, ಎಲ್ಲಾ ಆಯ್ತು. ನೀನು ಭುಜ ಹಿಡ್ಕೊಂಡು ಮೆಟ್ಲು ಹತ್ತೋದ ನಾನು ನೋಡ್ದೆ ಇದ್ದೀನಾ."

ಅತ್ತುಬಿಟ್ಟೆ. ಅದರಲ್ಲಿ ನಾಚಿಕೆಯೇನಿಲ್ಲ, ಸೌತೆಕಾಯಿಯ ಜೊತೆ ಈರುಳ್ಳಿಯೂ ಇತ್ತು. ಮಾರನೆಯ ಬೆಳಿಗ್ಗೆ ಅವರೇ ನನ್ನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು. ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಕಣ್ಣು ಮುಚ್ಚಿ, ಬಹಳ ಹೊತ್ತು ಕೇಳಿಸಿಕೊಂಡರು. ಆಮೇಲೆ ನಿಧಾನವಾಗಿ ಹ್ಞೂಂ ಅಂದರು. ಅವರ ಕೋಣೆಯಿಂದ ನಾನು ಎದ್ದು ಓಡದೆ ಉಳಿದದ್ದು ದೊಡ್ಡಮ್ಮ ಬಾಗಿಲಿಗೆ ಅಡ್ಡ ಕೂತಿದ್ದರಿಂದ. ಸರಿಯಾದ ಹೊತ್ತಿಗೆ ಬಂದಿದ್ದೀರಿ, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಅಂದರು ಡಾಕ್ಟರು. ಈಗ ಮಾತ್ರೆ ನುಂಗುತ್ತೇನೆ, ಬೋಂಡಾ ಬಿಟ್ಟಿದ್ದೇನೆ, ಕುರ್ಚಿ ಹೊರುವುದನ್ನೂ ಬಿಟ್ಟಿದ್ದೇನೆ. ದೊಡ್ಡಮ್ಮ ಮತ್ತೆ ಕಾಫಿ ಕುಡಿಯುತ್ತಿದ್ದಾರೆ, ಮೊದಲಿನ ಹಾಗೇ ಬಯ್ಯುತ್ತಿದ್ದಾರೆ.

ಉಳಿದದ್ದು ಪೈಪು. ಗುಜರಿಯವನು ಅದನ್ನು ಕಿತ್ತು ಕೈಗೆತ್ತಿಕೊಂಡ, ಅದು ಅವನಿಗೆ ಏನೋ ಅಂದಿರಬೇಕು, ಕೆಳಗಿಟ್ಟು ಹೋದ. ದೊಡ್ಡಮ್ಮನ ಕಿಟಕಿಯ ಕಡೆ ಬಿಡಲು ನನಗೆ ಮನಸ್ಸಾಗಲಿಲ್ಲ. ನನ್ನ ಕಿಟಕಿಯ ಕಡೆ ತಿರುಗಿಸಿಕೊಂಡೆ ಎಂದು ಬರೆದರೆ ಕೇಳಲು ಚೆನ್ನಾಗಿರುತ್ತದೆ, ಆದರೆ ಅಷ್ಟು ದೊಡ್ಡ ಮನಸ್ಸು ನನ್ನದಲ್ಲ. ಗೇಟಿನ ಪಕ್ಕದಲ್ಲಿ ನೆಟ್ಟು ಬಾಯನ್ನು ಬೀದಿಯ ಕಡೆಗೆ ತಿರುಗಿಸಿಟ್ಟಿದ್ದೇನೆ. ಸಂಜೆ ಬೆಟ್ಟದ ಕಡೆಯಿಂದ ಗಾಳಿ ಬೀಸುವಾಗ ನೀವೇನಾದರೂ ನಮ್ಮ ಬೀದಿಯಲ್ಲಿ ಹಾದುಹೋಗುತ್ತಿದ್ದು, ಅದು ಹ್ಞೂಂ ಅಂದರೆ, ದಯವಿಟ್ಟು ಹೆದರಬೇಡಿ. ಅದು ಹೇಳಿದ್ದು ಬೇರೆ ಯಾರಿಗೋ ಅಂದುಕೊಂಡು ಮುಂದೆ ನಡೆಯಿರಿ. ನಾನೂ ಹಾಗೇ ಅಂದುಕೊಂಡಿದ್ದೆ.